ಯಾವುದನ್ನು ಉಳಿಸೋಣ, ಯಾವಾಗ ಅಳಿಸೋಣ?



‘ಬ್ಯಾಕಪ್ ಇದೆ ಸಾರ್, ಆದ್ರೆ ಫೈಲೇ ಇಲ್ಲ!’ ಮುಂಬಯಿ ಉಪನಗರದ ಒಂದು ಕನ್ನಡ ಸಂಘದ ಕಾರ್ಯದರ್ಶಿಗಳು ಈಚೆಗೆ ನಮ್ಮ ಸ್ಟುಡಿಯೋಗೆ ಫೋನ್ ಮಾಡಿ ಹೇಳಿದ ಮಾತಿದು. ನಿಲಯದಲ್ಲಿ ಅವರ ಸಂಘದ ಹಳೆಯ ನಾಟಕದ ಧ್ವನಿಮುದ್ರಣ ಏನಾದರೂ ಉಳಿದಿದೆಯೇ ಎಂದು ಕೇಳಲು ಅವರು ಕರೆ ಮಾಡಿದ್ದರು. ಸಂಘದ ಕಂಪ್ಯೂಟರಿನಲ್ಲಿ ಹದಿನೈದಕ್ಕೂ ಹೆಚ್ಚು ವರ್ಷಗಳ ರಾಜ್ಯೋತ್ಸವ ನಾಟಕಗಳ ಮುದ್ರಣವಿದ್ದ ಒಂದು ಫೋಲ್ಡರ್ ಇತ್ತಂತೆ. ಮೇ ತಿಂಗಳಲ್ಲಿ ಡಿಸ್ಕ್ ತುಂಬಿತೆಂದು ಯಾರೋ ಅದನ್ನು ಅಳಿಸಿದ್ದಾರೆ. ಅದು ಬೆಳಕಿಗೆ ಬಂದದ್ದು ಅಕ್ಟೋಬರಿನಲ್ಲಿ, ಸ್ಮರಣ ಸಂಚಿಕೆಯ ಕೆಲಸಕ್ಕೆ ಕೂತಾಗ. ಬ್ಯಾಕಪ್ ತಂತ್ರಾಂಶವೇನೂ ಕೈಕೊಟ್ಟಿರಲಿಲ್ಲ. ಒಂದು ರಾತ್ರಿಯೂ ತಪ್ಪದೆ ಪ್ರತಿ ತೆಗೆಯುತ್ತಲೇ ಇತ್ತು. ಆದರೆ ಅದಕ್ಕೆ ಹೇಳಿಟ್ಟಿದ್ದ ನಿಯಮ ‘30 ದಿನಕ್ಕಿಂತ ಹಳೆಯದನ್ನು ಅಳಿಸು’ ಎಂದು. ಅದು ಹೇಳಿದಷ್ಟನ್ನು ಮಾಡಿದೆ. ಆ ನಾಟಕಗಳಲ್ಲಿ ಪಾತ್ರ ಮಾಡಿದವರಲ್ಲಿ ಕೆಲವರು ಈಗ ಇಲ್ಲ. ಅವರ ದನಿಯೂ ಆ ಫೋಲ್ಡರಿನ ಜೊತೆಗೇ ಹೋಯಿತು.

ಬ್ಯಾಕಪ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಬ್ಯಾಕಪ್ಪಿನ ಆಯಸ್ಸಿನ ಬಗ್ಗೆ ಮಾತಾಡುವವರು ಕಡಿಮೆ. ತಂತ್ರಾಂಶದವರು ಇದಕ್ಕೆ ‘ರಿಟೆನ್ಷನ್’ ಎನ್ನುತ್ತಾರೆ. ತೆಗೆದಿಟ್ಟ ಪ್ರತಿಯನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು, ಯಾವಾಗ ಬಿಸಾಡಬೇಕು ಎಂಬ ಕಟ್ಟಳೆ. ಉಳಿಸು, ಅಳಿಸು - ಕನ್ನಡದಲ್ಲಿ ಒಂದೇ ಅಕ್ಷರದ ವ್ಯತ್ಯಾಸ ನೋಡಿ. ನಾನು ಓದಿದ್ದು ಕನ್ನಡ ಬಿ.ಎ., ಇಂಜಿನಿಯರಿಂಗ್ ಅಲ್ಲ. ಆದರೆ ರೇಡಿಯೋದಲ್ಲಿ ದಿನವೂ ಧ್ವನಿಯ ಫೈಲುಗಳ ಜೊತೆಗೇ ಬದುಕು, ಹಾಗಾಗಿ ಈ ವಿಷಯ ತಾನಾಗಿ ಕೈಗೆ ಹತ್ತಿದೆ.

ಮೊದಲು ಅಡುಗೆಮನೆಗೆ ಬನ್ನಿ. ರಾತ್ರಿಯ ಸಾರು ಮರುದಿನ ಬೆಳಿಗ್ಗೆವರೆಗೆ. ದೋಸೆ ಹಿಟ್ಟು ಮೂರು ದಿನ. ತುಪ್ಪ ಕೆಲವು ತಿಂಗಳು. ಊರಿಂದ ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ ಮುಂದಿನ ಮಾವಿನ ಕಾಲದವರೆಗೆ. ಎಲ್ಲಕ್ಕೂ ‘ಏಳು ದಿನ’ ಎಂಬ ಒಂದೇ ನಿಯಮ ಹಾಕಿದರೆ ಹಳಸಿದ ಸಾರೂ ಇರುತ್ತದೆ, ಒಳ್ಳೆಯ ಉಪ್ಪಿನಕಾಯಿಯೂ ಕಸದ ಬುಟ್ಟಿಗೆ ಹೋಗುತ್ತದೆ. ‘ಯಾವುದನ್ನೂ ಬಿಸಾಡಬೇಡಿ’ ಎಂದರೋ, ನಮ್ಮ ಮುಂಬಯಿಯ ಒಂದು ಕೋಣೆ-ಅಡುಗೆಮನೆಯ ಫ್ರಿಜ್ ಎಷ್ಟು ತಾನೇ ಹಿಡಿದೀತು? ಹಾರ್ಡ್ ಡಿಸ್ಕಿನ ಕಥೆಯೂ ಇಷ್ಟೇ.

ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಇಂಥವುಗಳಲ್ಲಿ ಫೋಲ್ಡರ್ ತಾನಾಗಿ ಹೊಂದಿಕೊಳ್ಳುತ್ತದಲ್ಲ, ಅದನ್ನು ಅನೇಕರು ಬ್ಯಾಕಪ್ ಎಂದುಕೊಂಡಿದ್ದಾರೆ. ಅದು ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವಿನಲ್ಲಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ತಾನಾಗಿ ಹೋಗುತ್ತದೆ. 2020ರ ಅಕ್ಟೋಬರಿಗೆ ಮೊದಲು ನಾವಾಗಿ ಖಾಲಿ ಮಾಡುವವರೆಗೆ ಅಲ್ಲೇ ಬಿದ್ದಿರುತ್ತಿತ್ತು, ಹಾಗಾಗಿ ಹಳೆಯ ಅಭ್ಯಾಸದವರು ಇಂದಿಗೂ ಅದನ್ನೇ ನಂಬಿ ಕೂತಿದ್ದಾರೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರವನ್ನು ಅಳಿಸಿದರೆ ಅದು ಬುಟ್ಟಿಯಲ್ಲಿರುವುದು 60 ದಿನ.

ವಾಟ್ಸಾಪ್ ಇನ್ನೂ ಬಿಗಿ. ಆಂಡ್ರಾಯ್ಡ್ ಫೋನಿನ ಒಳಗೆ ಅದು ಹೆಚ್ಚೆಂದರೆ ಕೊನೆಯ ಏಳು ದಿನಗಳ ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ. ಗೂಗಲ್ ಖಾತೆಯಲ್ಲಿ ಇರುವುದು ಒಂದೇ ಒಂದು. ಹೊಸದು ಬಂದಾಗ ಹಳೆಯದರ ಮೇಲೇ ಬರೆಯುತ್ತದೆ. ಅಜ್ಜಿ ಕಳಿಸಿದ ಧ್ವನಿ ಸಂದೇಶವನ್ನು ಮಗು ಆಟವಾಡುತ್ತ ಅಳಿಸಿತು ಅನ್ನಿ. ಅವತ್ತು ರಾತ್ರಿಯ ಬ್ಯಾಕಪ್ ಆದ ಮೇಲೆ ಗೂಗಲ್ ಖಾತೆಯಲ್ಲಿ ಅಜ್ಜಿಯ ದನಿ ಇಲ್ಲ. ಇಂಥ ಸಂದೇಶಗಳನ್ನು ವಾಟ್ಸಾಪಿನಿಂದ ಹೊರಗೆ ತೆಗೆದು ಬೇರೆ ಫೋಲ್ಡರಿನಲ್ಲಿ ಇಡಿ ಎಂದು ನಾನು ಗಾಳಿಯ ಮೇಲೂ ಹೇಳುತ್ತಿರುತ್ತೇನೆ, ಇಲ್ಲೂ ಹೇಳುತ್ತೇನೆ.

ಸರಿ, ಎಷ್ಟು ದಿನ ಇಡಬೇಕು? ಇದಕ್ಕೆ ಉತ್ತರ ಕೊಡುವ ಮೊದಲು ನೀವೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಫೈಲು ಕಳೆದುಹೋದರೆ ನನಗೆ ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ದಿನವೂ ತೆರೆಯುವ ಅಂಗಡಿಯ ಲೆಕ್ಕ ಕಾಣೆಯಾದರೆ ನಾಳೆಯೇ ಗೊತ್ತಾಗುತ್ತದೆ. ಮಗಳ ನಾಮಕರಣದ ಫೋಟೋ ಕಾಣೆಯಾದರೆ ಅವಳ ಮದುವೆಯ ಹೊತ್ತಿಗೆ ಗೊತ್ತಾದೀತು. ಉಳಿಕೆಯ ಅವಧಿ ಈ ‘ಗೊತ್ತಾಗುವ ಕಾಲ’ಕ್ಕಿಂತ ದೊಡ್ಡದಿರಬೇಕು. ಮೇಲೆ ಹೇಳಿದ ಸಂಘದ ಫೋಲ್ಡರನ್ನು ತೆರೆಯುವುದು ವರ್ಷಕ್ಕೊಮ್ಮೆ. ಹಾಗಾದರೆ ಹನ್ನೆರಡು ತಿಂಗಳು ಸಾಕೇ? ಸಾಲದು. ನವೆಂಬರ್ 1ರ ಸಮಾರಂಭ ಮುಗಿದ ವಾರದಲ್ಲೇ ಏನೋ ಅಳಿಸಿಹೋಗಿ, ಮರುವರ್ಷ ಸಮಾರಂಭದ ಗಡಿಬಿಡಿಯೆಲ್ಲ ಕಳೆದು ಡಿಸೆಂಬರಿನಲ್ಲಿ ಯಾರಾದರೂ ಹುಡುಕಿದರೆ ಹದಿಮೂರು ತಿಂಗಳು ದಾಟಿರುತ್ತದೆ. ಹದಿನೈದು ತಿಂಗಳು ಎಂದಿಟ್ಟುಕೊಂಡರೆ ಕ್ಷೇಮ.

ಹದಿನೈದು ತಿಂಗಳು ಎಂದರೆ ನಾನೂರೈವತ್ತಕ್ಕೂ ಹೆಚ್ಚು ರಾತ್ರಿಗಳು. ಪ್ರತಿ ರಾತ್ರಿಯ ಪ್ರತಿಯೂ ಬೇಕೇ? ಬೇಡ. ಇಲ್ಲಿಗೆ ಒಂದು ಹಳೆಯ ಉಪಾಯವಿದೆ, ಮ್ಯಾಗ್ನೆಟಿಕ್ ಟೇಪುಗಳ ಕಾಲದ್ದು. ಅದರ ಹೆಸರೇ ಅಜ್ಜ-ಅಪ್ಪ-ಮಗ. ದಿನದ ಪ್ರತಿ ಮಗ, ವಾರದ ಪ್ರತಿ ಅಪ್ಪ, ತಿಂಗಳ ಪ್ರತಿ ಅಜ್ಜ. ಕೊನೆಯ ಏಳು ದಿನಕ್ಕೆ ದಿನಕ್ಕೊಂದು, ಕೊನೆಯ ನಾಲ್ಕು ವಾರಕ್ಕೆ ವಾರಕ್ಕೊಂದು, ಕೊನೆಯ ಹನ್ನೆರಡು ತಿಂಗಳಿಗೆ ತಿಂಗಳಿಗೊಂದು. ಕೂಡಿಸಿದರೆ 7, 4, 12 - ಒಟ್ಟು 23. ಒಂದೇ ಪ್ರತಿ ದಿನಕ್ಕೂ ವಾರಕ್ಕೂ ಲೆಕ್ಕಕ್ಕೆ ಬರುವುದರಿಂದ ನಿಜವಾಗಿ ಇನ್ನೂ ಕಡಿಮೆ. ವರ್ಷದ 365 ಪ್ರತಿಗಳ ಜಾಗದಲ್ಲಿ ಇಪ್ಪತ್ತಮೂರರೊಳಗೆ ಕೆಲಸ ಮುಗಿಯಿತು. ನಮ್ಮ ನೆನಪೂ ಹೀಗೇ ಅಲ್ಲವೇ? ನಿನ್ನೆ ತಿಂದದ್ದೆಲ್ಲ ನೆನಪಿದೆ, ಹೋದ ತಿಂಗಳಿನದು ಒಂದೆರಡು ಊಟ, ಹತ್ತು ವರ್ಷ ಹಿಂದಿನದು ಯಾವುದೋ ಒಂದು ಮದುವೆಯ ಹೋಳಿಗೆ.

ಇಂದಿನ ತಂತ್ರಾಂಶಗಳಲ್ಲಿ ಈ ಉಪಾಯ ಬೇರೆ ಬೇರೆ ವೇಷದಲ್ಲಿ ಕೂತಿದೆ. ಆಪಲ್ ಕಂಪ್ಯೂಟರಿನ ‘ಟೈಮ್ ಮಷೀನ್’ ಕೊನೆಯ 24 ಗಂಟೆಗೆ ಗಂಟೆಗೊಂದು, ಕೊನೆಯ ಒಂದು ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಇಟ್ಟುಕೊಳ್ಳುತ್ತದೆ. ಡಿಸ್ಕ್ ತುಂಬಿದಾಗ ಎಲ್ಲಕ್ಕಿಂತ ಹಳೆಯದನ್ನು ತೆಗೆದುಹಾಕುತ್ತದೆ. ವಿಂಡೋಸ್‌ನ ‘ಫೈಲ್ ಹಿಸ್ಟರಿ’ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಗುತ್ತದೆ. ಅದರ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋದರೆ ಎಷ್ಟು ಕಾಲ ಇಡಬೇಕು ಎಂಬ ಪಟ್ಟಿ ಇದೆ: ಒಂದು ತಿಂಗಳಿನಿಂದ ಎರಡು ವರ್ಷದವರೆಗೆ, ‘ಜಾಗ ಬೇಕಾಗುವವರೆಗೆ’, ಮತ್ತು ‘ಎಂದೆಂದಿಗೂ’. ನೀವು ಮುಟ್ಟದಿದ್ದರೆ ಅದು ‘ಎಂದೆಂದಿಗೂ’ ಎಂದೇ ಇರುತ್ತದೆ. ಕೇಳಲು ಚೆನ್ನ, ಆದರೆ ಡಿಸ್ಕ್ ತುಂಬಿದರೆ ಹೊಸ ಪ್ರತಿ ತೆಗೆಯುವುದೇ ನಿಂತುಹೋಗುತ್ತದೆ. ಚಿಕ್ಕ ಡಿಸ್ಕಿನವರಿಗೆ ಎರಡು ವರ್ಷ ಒಳ್ಳೆಯ ಆಯ್ಕೆ. ‘ಜಾಗ ಬೇಕಾಗುವವರೆಗೆ’ ಎಂಬುದು ನನಗೆ ಹಿಡಿಸುವುದಿಲ್ಲ. ಯಾರೋ ಒಂದು ದಿನ ಮದುವೆಯ ವಿಡಿಯೋ ತಂದು ಸುರಿದರೆ ಹಳೆಯದೆಲ್ಲ ಒಂದೇ ಏಟಿಗೆ ಹೊರಗೆ.

ಉಚಿತವಾಗಿ ಸಿಗುವ ‘ಡುಪ್ಲಿಕಾಟಿ’ ಎಂಬುದೊಂದಿದೆ. ಅದರಲ್ಲಿ ‘ಸ್ಮಾರ್ಟ್ ಬ್ಯಾಕಪ್ ರಿಟೆನ್ಷನ್’ ಎಂದು ಆರಿಸಿದರೆ ನಮ್ಮ ಏಳು ದಿನ, ನಾಲ್ಕು ವಾರ, ಹನ್ನೆರಡು ತಿಂಗಳ ಲೆಕ್ಕವೇ ಸಿದ್ಧವಾಗಿ ಬರುತ್ತದೆ. ಎಲ್ಲವೂ ಹಳೆಯದಾದರೂ ಕೊನೆಯ ಒಂದು ಪ್ರತಿಯನ್ನಂತೂ ಅದು ಅಳಿಸುವುದಿಲ್ಲ. ಹದಿನೈದು ತಿಂಗಳು ಬೇಕಾದವರು ಅದೇ ಪಟ್ಟಿಯಲ್ಲಿ ‘ಕಸ್ಟಮ್’ ಆರಿಸಿ ಹನ್ನೆರಡರ ಜಾಗದಲ್ಲಿ ಹದಿನೈದು ಬರೆದರಾಯಿತು.

ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಲು ಅಂಜದ ನಮ್ಮ ಪುಣೆ, ಹೈದರಾಬಾದಿನ ಸಾಫ್ಟ್‌ವೇರ್ ಮಿತ್ರರಿಗೆ ‘ರೆಸ್ಟಿಕ್’ ಪರಿಚಯ ಇದ್ದೀತು. ಅದರಲ್ಲಿ ಎರಡು ಸಂಗತಿ ಗಮನಿಸುವಂಥವು. ಒಂದು, ‘ಕೀಪ್ ಡೈಲಿ 7’ ಎಂದರೆ ಕ್ಯಾಲೆಂಡರಿನ ಕೊನೆಯ ಏಳು ದಿನ ಅಲ್ಲ. ಬ್ಯಾಕಪ್ ನಿಜವಾಗಿ ಆಗಿರುವ ಕೊನೆಯ ಏಳು ದಿನ. ನೀವು ಬೇಸಿಗೆ ರಜೆಗೆ ಒಂದು ತಿಂಗಳು ಊರಿಗೆ ಹೋಗಿ ಕಂಪ್ಯೂಟರ್ ಮುಚ್ಚಿಟ್ಟಿದ್ದರೆ, ಬಂದ ಮೇಲೂ ಹಳೆಯ ಏಳು ಹಾಗೇ ಇರುತ್ತವೆ. ‘30 ದಿನಕ್ಕಿಂತ ಹಳೆಯದನ್ನು ಅಳಿಸು’ ಎಂಬ ನೇರ ನಿಯಮದಲ್ಲಿ ಈ ದಾಕ್ಷಿಣ್ಯ ಇಲ್ಲ. ಬ್ಯಾಕಪ್ ಸದ್ದಿಲ್ಲದೆ ನಿಂತುಹೋಗಿ ಅಳಿಸುವ ಕೆಲಸ ಮಾತ್ರ ನಡೆಯುತ್ತಿದ್ದರೆ ತಿಂಗಳು ಕಳೆಯುವುದರೊಳಗೆ ಮನೆ ಖಾಲಿ. ಎರಡು, ಅದರಲ್ಲಿ ‘ಫರ್ಗೆಟ್’ ಬೇರೆ, ‘ಪ್ರೂನ್’ ಬೇರೆ. ಮೊದಲನೆಯದು ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತದೆ ಅಷ್ಟೆ, ಡಿಸ್ಕಿನಲ್ಲಿ ಜಾಗ ಬಿಡುಗಡೆಯಾಗುವುದು ಎರಡನೆಯದನ್ನು ನಡೆಸಿದಾಗ. ‘ಅಳಿಸಿದ್ದೇನೆ, ಆದರೂ ಜಾಗ ಸಿಕ್ಕಿಲ್ಲ’ ಎನ್ನುವವರ ಸಮಸ್ಯೆ ಬಹುಮಟ್ಟಿಗೆ ಇದೇ. ‘ಡ್ರೈ ರನ್’ ಎಂಬ ಸೌಲಭ್ಯವೂ ಇದೆ. ಏನೇನು ಅಳಿಯಲಿದೆ ಎಂದು ತೋರಿಸುತ್ತದೆ, ಅಳಿಸುವುದಿಲ್ಲ. ನಾವು ರೇಡಿಯೋದವರು ಗಾಳಿಗೆ ಹೋಗುವ ಮುಂಚೆ ಒಮ್ಮೆ ಓದಿಕೊಳ್ಳುತ್ತೇವಲ್ಲ, ಹಾಗೆ. ಹೊಸ ನಿಯಮ ಬರೆದಾಗ ಅದನ್ನು ನಡೆಸದೆ ಮುಂದೆ ಹೋಗಬೇಡಿ.

ಇನ್ನೊಂದು ಕಡೆಯೂ ಜನ ತಲೆ ಕೆರೆದುಕೊಳ್ಳುತ್ತಾರೆ. ಆಫೀಸುಗಳಲ್ಲಿ ಬಳಸುವ ಅನೇಕ ತಂತ್ರಾಂಶಗಳು ಭಾನುವಾರ ಪೂರ್ತಿ ಪ್ರತಿ ತೆಗೆಯುತ್ತವೆ, ಸೋಮವಾರದಿಂದ ಶನಿವಾರದವರೆಗೆ ಹಿಂದಿನ ದಿನಕ್ಕಿಂತ ಬದಲಾದದ್ದನ್ನು ಮಾತ್ರ. ಬುಧವಾರದ ಸ್ಥಿತಿಗೆ ಮರಳಬೇಕಾದರೆ ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ ನಾಲ್ಕೂ ಬೇಕು. ಧಾರಾವಾಹಿ ಇದ್ದ ಹಾಗೆ. ಮೊದಲ ಕಂತು ಕಳೆದುಹೋದರೆ ನಾಲ್ಕನೆಯದು ತಲೆಬುಡ ಇಲ್ಲದ್ದು. ಈಗ ನೀವು ‘ಏಳು ದಿನ ಇಡು’ ಎಂದಿರಿ. ಎರಡನೆಯ ವಾರದ ಶುಕ್ರವಾರ ಏಳು ದಿನದ ಲೆಕ್ಕ ಹಿಂದಿನ ಶನಿವಾರಕ್ಕೆ ಹೋಗಿ ನಿಲ್ಲುತ್ತದೆ. ಆ ಶನಿವಾರದ ತುಂಡು ಬದುಕಿರಬೇಕಾದರೆ ಅದರ ಹಿಂದಿನ ಭಾನುವಾರದಿಂದ ಎಲ್ಲವೂ ಬದುಕಿರಬೇಕು. ಅಂದರೆ ಡಿಸ್ಕಿನಲ್ಲಿ ಏಳಲ್ಲ, ಹದಿಮೂರು ದಿನದ ಪ್ರತಿಗಳಿರುತ್ತವೆ. ಏಳು ದಿನಕ್ಕೆ ಅಳೆದು ಡಿಸ್ಕ್ ಕೊಂಡವರು ಎರಡನೆಯ ವಾರದಲ್ಲಿ ಸಿಕ್ಕಿಬೀಳುವುದು ಇಲ್ಲೇ. ಕೊಳ್ಳುವಾಗಲೇ ಎರಡು ಪಾಲು ಹಿಡಿದುಕೊಳ್ಳಿ.

ಜಾಗದ ಲೆಕ್ಕದಲ್ಲಿ ಫೈಲಿನ ಸ್ವಭಾವವೂ ಮುಖ್ಯ. ಫೋಟೋ, ಹಾಡು, ಧ್ವನಿಮುದ್ರಣ ಒಮ್ಮೆ ಬಂದರೆ ಬದಲಾಗುವುದಿಲ್ಲ. ಇವುಗಳನ್ನು ಹತ್ತು ವರ್ಷ ಇಟ್ಟರೂ, ಬದಲಾದದ್ದನ್ನು ಮಾತ್ರ ತೆಗೆಯುವ ತಂತ್ರಾಂಶದಲ್ಲಿ ಹೆಚ್ಚುವರಿ ಜಾಗ ಅಷ್ಟಕ್ಕಷ್ಟೆ. ತಿನ್ನುತ್ತಲೇ ಇರುವ ದೊಡ್ಡ ಫೈಲುಗಳು ಹಾಗಲ್ಲ: ಲೆಕ್ಕಪತ್ರದ ದತ್ತಾಂಶ, ಈಮೇಲಿನ ಭಾರೀ ಪೆಟ್ಟಿಗೆ, ಅರ್ಧ ಎಡಿಟ್ ಮಾಡಿದ ವಿಡಿಯೋ. ನಿಮ್ಮ ಬಳಿ 100 ಜಿಬಿ ಇದ್ದು ದಿನಕ್ಕೆ 2 ಜಿಬಿ ಬದಲಾಗುತ್ತದೆ ಎಂದರೆ 30 ದಿನದ ಉಳಿಕೆಗೆ ಸುಮಾರು 160 ಜಿಬಿ ಬೇಕು. ನಮ್ಮ ರೇಡಿಯೋದ ಲೆಕ್ಕ ಕೇಳುವುದಾದರೆ, ಸಿ.ಡಿ. ಗುಣಮಟ್ಟದ ಒಂದು ಗಂಟೆಯ ಸ್ಟೀರಿಯೋ ವೇವ್ ಫೈಲು ಸುಮಾರು 635 ಎಂಬಿ; ಅದೇ 128 ಕೆಬಿಪಿಎಸ್‌ನ ಎಂಪಿ3 ಮಾಡಿದರೆ 58 ಎಂಬಿಯ ಆಸುಪಾಸು. ಹನ್ನೊಂದು ಪಟ್ಟು ವ್ಯತ್ಯಾಸ. ಹಾಗಾಗಿ ಎಲ್ಲವನ್ನೂ ವೇವ್‌ನಲ್ಲಿ ವರ್ಷಗಟ್ಟಲೆ ಇಡಬೇಕಿಲ್ಲ. ಆದರೆ ಸಂದರ್ಶನ, ನಾಟಕ, ಜನಪದ ಹಾಡಿನ ಮೂಲ ವೇವ್ ಅನ್ನು ದಯವಿಟ್ಟು ಅಳಿಸಬೇಡಿ. ಎಂಪಿ3 ಮಾಡುವಾಗ ಬಿಟ್ಟದ್ದು ಮತ್ತೆ ಬರುವುದಿಲ್ಲ.

ಪ್ರಸಾರ ಸಂಸ್ಥೆಗಳ ಚರಿತ್ರೆಯೇ ಈ ವಿಷಯಕ್ಕೆ ದೊಡ್ಡ ಪಾಠ. ಬಿಬಿಸಿಯವರು 1960 ಮತ್ತು 70ರ ದಶಕಗಳಲ್ಲಿ ಟೇಪು ದುಬಾರಿ, ಮತ್ತೆ ಪ್ರಸಾರ ಮಾಡುವ ಅಗತ್ಯವೂ ಇಲ್ಲ ಎಂದು ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪಿನ ಮೇಲೆ ಬೇರೆ ಮುದ್ರಿಸಿಕೊಂಡರು. ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ 1960ರ ದಶಕದ ಅನೇಕ ಕಂತುಗಳು ಹೀಗೇ ಹೋದವು. ಕೆಲವು ಆಮೇಲೆ ವಿದೇಶದ ಟಿವಿ ಕೇಂದ್ರಗಳ ಗೋದಾಮಿನಲ್ಲಿ, ಸಂಗ್ರಹಕಾರರ ಮನೆಯಲ್ಲಿ ಸಿಕ್ಕವು. ಸಿಗದ ಕಂತುಗಳ ಚಿತ್ರ ಹೋದರೂ ಧ್ವನಿ ಮಾತ್ರ ಪೂರ್ತಿ ಉಳಿದಿದೆ. ಏಕೆ ಗೊತ್ತೇ? ಮನೆಯಲ್ಲಿ ಕೂತ ಅಭಿಮಾನಿಗಳು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡಿದ್ದರು. ನಮ್ಮ ಸಂಘದವರಿಗೂ ಈಗ ಎರಡು ನಾಟಕಗಳು ಒಬ್ಬ ಹಿರಿಯ ನಟರ ಮನೆಯ ಸಿ.ಡಿ.ಯಲ್ಲಿ ಸಿಕ್ಕಿವೆ. ಸಂಸ್ಥೆ ಅಳಿಸಿದ್ದನ್ನು ಮನೆ ಉಳಿಸಿತು. ಅಂದಹಾಗೆ ನಮ್ಮ ದೇಶದ ಸಮುದಾಯ ಬಾನುಲಿ ಕೇಂದ್ರಗಳು ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಇಟ್ಟುಕೊಂಡಿರಬೇಕೆಂಬ ನಿಯಮವಿದೆ. ಅದು ದೂರು ಬಂದರೆ ವಿಚಾರಿಸಲು, ಚರಿತ್ರೆಗಾಗಿ ಅಲ್ಲ. ಕಾನೂನಿಗೆ ಬೇಕಾದ ಅವಧಿ ಬೇರೆ, ಮನಸ್ಸಿಗೆ ಬೇಕಾದ ಅವಧಿ ಬೇರೆ.

ಕಾನೂನಿನ ಮಾತು ಬಂತು. ಹೋಟೆಲು, ಅಂಗಡಿ ನಡೆಸುವ ನಮ್ಮ ಕೇಳುಗರು ಅನೇಕರಿದ್ದಾರೆ. ಜಿಎಸ್‌ಟಿ ನೋಂದಣಿ ಇರುವವರು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು. ಕಂಪನಿಯಾದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ಎಂಟು ಆರ್ಥಿಕ ವರ್ಷ. ಬಿಲ್ಲಿಂಗ್ ಯಂತ್ರ ಮಾರಿದವನು 90 ದಿನದ ಬ್ಯಾಕಪ್ ಹಾಕಿಕೊಟ್ಟು ಹೋಗಿದ್ದರೆ ಅದು ಅವನ ಅನುಕೂಲಕ್ಕೆ. ನೋಟೀಸು ಬರುವುದು ನಿಮ್ಮ ಹೆಸರಿಗೆ. ಮಾರ್ಚ್ 31ರ ಪ್ರತಿಯೊಂದನ್ನು ಪ್ರತಿವರ್ಷ ಬೇರೆಯಾಗಿ ತೆಗೆದು, ಅಳಿಸುವ ನಿಯಮ ಮುಟ್ಟದ ಕಡೆ ಇಡಿ. ನಿಮ್ಮ ಸಿ.ಎ. ಅವರನ್ನೂ ಒಂದು ಮಾತು ಕೇಳಿ.

ಹಾಗೆಂದು ಎಲ್ಲವನ್ನೂ ಕಾಲಕಾಲಕ್ಕೆ ಇಡುವುದೂ ತಪ್ಪೇ. ಸಂಘದ ಸದಸ್ಯರ ಆಧಾರ್ ಪ್ರತಿ, ಫೋನ್ ನಂಬರು, ಪ್ರವಾಸಕ್ಕೆಂದು ಪಡೆದ ಗುರುತಿನ ಚೀಟಿಗಳು ಬೇಡವಾದ ಮೇಲೆ ಹೋಗಬೇಕು. ವೈಯಕ್ತಿಕ ಮಾಹಿತಿ ಕುರಿತ 2023ರ ನಮ್ಮ ಕಾಯ್ದೆಯ ಆಶಯವೂ ಕೆಲಸ ಮುಗಿದ ಮೇಲೆ ಅಳಿಸಿ ಎಂಬುದೇ. ಕಂಪ್ಯೂಟರಿನಲ್ಲಿ ಅಳಿಸಿದರೆ ಬ್ಯಾಕಪ್ಪಿನಿಂದ ಅಳಿಯುವುದಿಲ್ಲ, ಅದರ ಅವಧಿ ಮುಗಿಯುವವರೆಗೆ ಅಲ್ಲೇ ಇರುತ್ತದೆ. ಹಾಗಾಗಿ ಇಂಥವುಗಳನ್ನು ನಾಟಕ, ಫೋಟೋಗಳ ಜೊತೆ ಬೆರೆಸದೆ ಬೇರೆ ಫೋಲ್ಡರು, ಬೇರೆ ಬ್ಯಾಕಪ್, ಚಿಕ್ಕ ಅವಧಿ ಎಂದು ಮಾಡಿಡಿ.

ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ 2017ರ ‘ವಾನಾಕ್ರೈ’ ಹಾವಳಿಯಿಂದ ಮನೆಮಾತಾಯಿತು. ಬ್ಯಾಕಪ್ ತಂತ್ರಾಂಶಕ್ಕೆ ಬೀಗ ಬಿದ್ದ ಫೈಲು ಯಾವುದು, ಒಳ್ಳೆಯದು ಯಾವುದು ತಿಳಿಯದು. ಕೆಟ್ಟದ್ದನ್ನೂ ಶ್ರದ್ಧೆಯಿಂದ ನಕಲು ಮಾಡುತ್ತದೆ. ಮೂರೇ ಮೂರು ಪ್ರತಿ ಇಟ್ಟವರ ಬಳಿ ನಾಲ್ಕನೆಯ ದಿನ ಮೂರೂ ಕೆಟ್ಟವೇ. ಇಲ್ಲಿ ತಿಂಗಳ ಅಜ್ಜ ಕೈಹಿಡಿಯುತ್ತಾನೆ, ಅದೂ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಕಪಾಟಿನಲ್ಲಿ ಇಟ್ಟಿದ್ದರೆ ಮಾತ್ರ. ಸದಾ ಜೋಡಿಸಿಟ್ಟ ಡಿಸ್ಕಿಗೂ ಅದೇ ಬೀಗ ಬೀಳುತ್ತದೆ.

ನಮ್ಮದಲ್ಲದ ನಿಯಮಗಳೂ ಇವೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಒಳಗಿರುವುದರ ಸಮೇತ ಅಳಿಸುವುದಾಗಿ ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು, ಆ ಡಿಸೆಂಬರಿನಿಂದ ಅದು ಜಾರಿಗೆ ಬಂತು. ತೀರಿಹೋದ ತಂದೆಯ ಫೋನು ಬೀರುವಿನಲ್ಲಿ ಆಫ್ ಆಗಿ ಕೂತಿದ್ದರೆ, ಅವರ ಚಿತ್ರಗಳು ಆ ಖಾತೆಯಲ್ಲೇ ಇದ್ದರೆ, ಈ ವಾರವೇ ಇಳಿಸಿಕೊಳ್ಳಿ.

ಕೊನೆಗೆ ನಮ್ಮ ಕನ್ನಡದ್ದೇ ಒಂದು ತೊಡಕು. ಯೂನಿಕೋಡ್ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಸ್ಮರಣ ಸಂಚಿಕೆಗಳು ಎಷ್ಟೋ ಸಂಘಗಳಲ್ಲಿವೆ. ಫೈಲನ್ನು ಇಪ್ಪತ್ತು ವರ್ಷ ಜೋಪಾನ ಮಾಡಿ, ಫಾಂಟನ್ನು ಇಡದಿದ್ದರೆ ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟುಗಳನ್ನೂ ಅದೇ ಫೋಲ್ಡರಿಗೆ ಹಾಕಿ, ಬಿಡುವಾದಾಗ ಯೂನಿಕೋಡಿಗೆ ಬದಲಿಸಿ, ಒಂದು ಪಿಡಿಎಫ್ ಮಾಡಿಡಿ. ಮೂಲವನ್ನು ಮಾತ್ರ ಅಳಿಸಬೇಡಿ, ಬದಲಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದುಂಟು.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಬ್ಯಾಕಪ್ ತಂತ್ರಾಂಶವನ್ನು ತೆರೆಯಿರಿ. ರಿಟೆನ್ಷನ್ ಎಂಬಲ್ಲಿ ಯಾವ ಸಂಖ್ಯೆ ಇದೆ ನೋಡಿ. ಆಮೇಲೆ ಆರು ತಿಂಗಳ ಹಿಂದಿನ ಒಂದು ಫೈಲನ್ನು ನಿಜವಾಗಿ ಹೊರತೆಗೆದು, ಬೇರೆ ಜಾಗದಲ್ಲಿ ಇಟ್ಟು, ತೆರೆದು ಓದಿ. ಬಾರದಿದ್ದರೆ, ತಂತ್ರಾಂಶದ ಹೆಸರು ಮತ್ತು ಆ ಸಂಖ್ಯೆಯನ್ನು ನಿಲಯದ ವಿಳಾಸಕ್ಕೆ ಬರೆದು ಕಳಿಸಿ, ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಒಂದೊಂದಾಗಿ ನೋಡೋಣ. ಯಾರ ಮನೆಯಲ್ಲಾದರೂ ಸಂಘದ ಹಳೆಯ ನಾಟಕಗಳ ಕ್ಯಾಸೆಟ್ಟು, ಸಿ.ಡಿ. ಇದ್ದರೆ ಅದನ್ನೂ ತಿಳಿಸಿ. ಕಾರ್ಯದರ್ಶಿಗಳು ಇನ್ನೂ ಹುಡುಕುತ್ತಲೇ ಇದ್ದಾರೆ.